ನೆಟ್ಟಗೆ ನಡೆದ ಬೀದಿ

ಮುರಿಯಲಾಗದ ಬೀಗ ಲೋಕದಲ್ಲೇ ಇಲ್ಲ ಎಂದು ತಿಳಿದವನಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಬೀಗದಣ್ಣನಿಗೂ ಬಂದಿರಲಿಲ್ಲ. ಕೆಟ್ಟ ಬೀಗ ಬಿಚ್ಚುವುದು, ಕೀಲಿಯ ಹಲ್ಲನ್ನು ಅರದಿಂದ ಉಜ್ಜಿ ತಿದ್ದುವುದು, ಬಾಗಿಲಾಚೆ ಸಿಕ್ಕಿಬಿದ್ದವರನ್ನು ಒಳಗೆ ಸೇರಿಸುವುದು ಅವನ ಕಸುಬು. "ಕೀಲಿ ಕಳೆದುಹೋಯ್ತು" ಎಂದು ಯಾರಾದರೂ ಬಂದರೆ ಮೊದಲು ಮುಖ ನೋಡುತ್ತಿದ್ದ, ಆಮೇಲೆ ಚಪ್ಪಲಿ ನೋಡುತ್ತಿದ್ದ, ಆಮೇಲೆ "ಅದು ನಿಮ್ಮನೇನೇ ಅಂತ ಏನು ಗ್ಯಾರಂಟಿ?" ಎಂದು ಕೇಳುತ್ತಿದ್ದ. ಒಮ್ಮೆ ಮರೆತು ಹೆಂಡತಿಗೇ ಹಾಗೆ ಕೇಳಿ, ಆ ದಿನ ಊಟದ ಬದಲು ತಣ್ಣೀರು ಕುಡಿದು ಮಲಗಿದ್ದ.

ಅವನ ಬೀದಿ ಏರುಬೀದಿ. ಕೆಳಗಿನ ತುದಿಯಲ್ಲಿ ಹುಟ್ಟಿ, ಅತ್ತಿತ್ತ ನೋಡದೆ ಮೇಲೆ ಹತ್ತಿ, ದೊಡ್ಡ ರಸ್ತೆಯ ಬಸ್‌ಸ್ಟಾಪಿನ ಪಾದಕ್ಕೆ ಹೋಗಿ ಬೀಳುವಂಥದ್ದು. ಇಳಿಯುವಾಗ ಎಲ್ಲರೂ ಗಾಳಿಕುದುರೆಯೇರಿದ ರಾಜಕುಮಾರರು. ಹತ್ತುವಾಗ ಮಾತ್ರ ಬೆನ್ನ ಮೇಲೆ ಬೆಟ್ಟ ಹೊತ್ತ ರಾಕ್ಷಸರ ಹಾಗೆ ಏದುಸಿರು. ಏರಿನ ನಟ್ಟನಡುವೆ ಬೀಗದಣ್ಣನ ಅಂಗಡಿ. ಅಂಗಡಿಯ ಮುಂದೆ ಒಂದು ಕಲ್ಲುಮೆಟ್ಟಿಲು ಬೀದಿಗೆ ಚೂರು ಕಾಲು ಚಾಚಿ ಕುಳಿತಿತ್ತು. ಅದನ್ನು ಹಾಕಿಸುವಾಗ ಬೀಗದಣ್ಣ ಯಾವ ಆಫೀಸನ್ನೂ ಕೇಳಿರಲಿಲ್ಲ. ಹತ್ತುವವರೆಲ್ಲ ಅದರ ಮೇಲೆ ಕುಳಿತು, ಒಂದು ಉಸಿರು ಎಳೆದುಕೊಂಡು ಮುಂದೆ ಹೋಗುತ್ತಿದ್ದರು.

ಅಂಗಡಿಯ ಮೇಲಿನ ಮಾಳಿಗೆಯ ಕಿಟಕಿಯಲ್ಲಿ ಬೀಗದಣ್ಣನ ಅಕ್ಕ. ಅವಳ ಮಂಡಿಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಹಳ ಕಾಲವಾಗಿತ್ತು. ನಾಲಿಗೆ ಮಾತ್ರ ಇನ್ನೂ ಎರಡು ಪಾಳಿ ದುಡಿಯುತ್ತಿತ್ತು. ಊರಿನ ಆಚೆ ತುದಿಯಲ್ಲಿ ಅವಳಿಗೊಬ್ಬಳು ಗೆಳತಿ. ಇಬ್ಬರೂ ಶಾಲೆಯ ಬೆಂಚಿನಿಂದಲೇ ಜಗಳವಾಡುತ್ತ ಬಂದವರು. ಈಗ ದಿನವೂ ಫೋನಿನಲ್ಲಿ ಆಡುತ್ತಿದ್ದರು.

"ಫೋನಲ್ಲಿ ಜಗಳ ಆಡಿದ್ರೆ ಉಪ್ಪಿಲ್ಲದ ಊಟ ಕಣೋ," ಎನ್ನುತ್ತಿದ್ದಳು ಅಕ್ಕ. "ನಾನು ಬೈದಾಗ ಅವಳ ಮುಖ ಹೇಗಾಗುತ್ತೆ ಅಂತ ನೋಡ್ಬೇಕು. ಸಾಯೋದ್ರೊಳಗೆ ಒಂದ್ಸಲ ಅವಳ ಮನೆ ಬಾಗಿಲಲ್ಲಿ ನಿಂತು ಬೈದು ಬರ್ಬೇಕು."

"ಕಾರು ಮಾಡಿಸ್ತೀನಿ ಅಂದ್ರೆ ಬೇಡ ಅಂತೀಯ."

"ಕಾರು ಹೊರಗೆ ಕಾಯ್ತಾ ನಿಂತಿದ್ರೆ ಸಮಾಧಾನವಾಗಿ ಜಗಳ ಆಡಕ್ಕಾಗುತ್ತಾ? ನನಗಿಷ್ಟ ಬಂದಾಗ ಹೋಗ್ಬೇಕು, ಸಾಕು ಅನ್ನಿಸ್ದಾಗ ಬರ್ಬೇಕು."

ಇಷ್ಟೇ ಅವಳ ಆಸೆ. ಏಳು ಸಮುದ್ರದಾಚೆಯ ಹೂವನ್ನೇನೂ ಅವಳು ಕೇಳಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಅಂಗಡಿಯ ಎದುರಿನ ಗೋಡೆಯ ಪಕ್ಕ ಒಬ್ಬಳು ಯುವತಿ ಬಂದು, ಮಡಿಸುವ ಕುರ್ಚಿ ಬಿಚ್ಚಿ, ಕೊಡೆ ಅರಳಿಸಿ ಕುಳಿತಳು. ಅವಳ ಅಂಗೈಯಲ್ಲಿ ಒಂದು ಪುಟ್ಟ ಯಂತ್ರ. ಆಗಾಗ ಹೆಬ್ಬೆರಳು ಅದನ್ನು ಒತ್ತುತ್ತಿತ್ತು. ಟಕ್.

ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಿಬಿಡುತ್ತೇವೆ. ಬೀಗದಣ್ಣನಿಗೆ ಮಾತ್ರ ತಿಳಿಸಬೇಡಿ. ಊರಿನ ಸಾರಿಗೆ ಕಚೇರಿಯವರು ಗಲ್ಲಿಗಳೊಳಗೆ ಓಡಾಡುವ ಒಂದು ಮರಿಬಸ್ಸು ತರುವವರಿದ್ದರು. ಬ್ಯಾಟರಿಯದು, ಹೊಗೆಯಿಲ್ಲ. ನೆಲಮಟ್ಟದ ಬಾಗಿಲು, ಕಾಲೆತ್ತಲಾರದವರಿಗೆ, ಗಾಲಿಕುರ್ಚಿಯವರಿಗೆ ಒಂದು ಹಲಗೆ ತಾನಾಗಿ ಕೆಳಗಿಳಿಯುತ್ತದೆ. ಬಸ್ಸು ಸದ್ಯಕ್ಕೆ ಒಂದೇ. ಯಾವ ಬೀದಿಯ ಜನಕ್ಕೆ ಹತ್ತಿಳಿಯುವುದು ಹೆಚ್ಚು ಕಷ್ಟವೋ ಆ ಬೀದಿಗೆ ಅದು. ಅದಕ್ಕೇ ಈ ಕೊಡೆಯಾಕೆ, ಗೋಡೆ ಹಿಡಿದು ನಡೆಯುವವರನ್ನು, ನಿಂತು ಸುಧಾರಿಸಿಕೊಳ್ಳುವವರನ್ನು ಎಣಿಸುತ್ತಿದ್ದಳು.

ಬೀಗದಣ್ಣ ನೆಟ್ಟಗೆ ಹೋಗಿ ಕೊಡೆಯ ಕೆಳಗೆ ತಲೆ ತೂರಿಸಿದ.

"ಏನಮ್ಮಾ ಎಣಿಸ್ತಿದ್ದೀಯ?"

"ಹೇಳೋ ಹಾಗಿಲ್ಲ ಅಣ್ಣ."

"ಯಾಕೆ ಹೇಳೋ ಹಾಗಿಲ್ಲ?"

"ಹೇಳಿದ್ರೆ ಜನ ನಡೆಯೋ ರೀತೀನೇ ಬದಲಾಯ್ಸಿಬಿಡ್ತಾರಂತೆ. ನಮ್ಮ ಸಾಹೇಬ್ರ ಆರ್ಡರ್."

"ಯಾವ ಸಾಹೇಬ್ರು?"

"ರಸ್ತೆ, ಓಡಾಟ ಎಲ್ಲ ನೋಡ್ಕೊಳ್ತಾರಲ್ಲ, ಆ ಆಫೀಸಿನೋರು."

ರಸ್ತೆ! ಬೀಗದಣ್ಣನ ಕಣ್ಣು ತಾನಾಗಿ ಕಲ್ಲುಮೆಟ್ಟಿಲಿನ ಮೇಲೆ ಹೋಯಿತು. ಮೆಟ್ಟಿಲೂ ಅಪರಾಧಿಯ ಹಾಗೆ ಅವನನ್ನೇ ನೋಡಿತು.

ಅವತ್ತಿಡೀ ಅವನು ಕೆಲಸ ಮಾಡಲಿಲ್ಲ. ಬೀಗದ ಕಿಂಡಿಯಲ್ಲಿ ಕಣ್ಣಿಟ್ಟಂತೆ ನಟಿಸುತ್ತ ಕೊಡೆಯಾಕೆಯ ಹೆಬ್ಬೆರಳನ್ನೇ ಕಾದ. ಮೇಲ್ಮನೆಯ ನಿವೃತ್ತ ಮೇಷ್ಟ್ರು ಊರುಗೋಲು ಕುಟ್ಟುತ್ತ ಬಂದು ಗೋಡೆ ಹಿಡಿದು ನಿಂತರು. ಟಕ್. ಇಸ್ತ್ರಿ ಅಂಗಡಿಯ ಇಸ್ತ್ರಿಯಮ್ಮ ಬಟ್ಟೆಗಂಟನ್ನು ಮೆಟ್ಟಿಲ ಮೇಲೆ ಇಳಿಸಿ ಸೊಂಟ ಒತ್ತಿಕೊಂಡಳು. ಟಕ್. ಅಂಚೆಯವನು ಸರಸರನೆ ಹತ್ತಿಹೋದ. ಹೆಬ್ಬೆರಳು ಅಲುಗಲಿಲ್ಲ.

"ಗೊತ್ತಾಯ್ತು!" ಎಂದ ಬೀಗದಣ್ಣ.

"ಏನು?" ಎಂದಳು ಒಳಗಿನಿಂದ ಹೆಂಡತಿ.

"ನಿಂತೋರನ್ನ ಎಣಿಸ್ತಿದ್ದಾಳೆ. ಕುಂಟೋರನ್ನ ಎಣಿಸ್ತಿದ್ದಾಳೆ. ಸರಿಯಾಗಿ ನಡೆಯೋರನ್ನ ಬಿಟ್ಟುಬಿಡ್ತಾಳೆ."

ನ್ಯಾಯವಾಗಿ ಹೇಳಬೇಕೆಂದರೆ, ಇಲ್ಲಿಯವರೆಗೆ ಬೀಗದಣ್ಣನ ಪತ್ತೇದಾರಿಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಇಲ್ಲಿಗೇ ನಿಲ್ಲಿಸಿದ್ದರೆ ಅವನ ಜಾಣತನಕ್ಕೆ ಒಂದು ಪದಕ ಕೊಡಬಹುದಿತ್ತು. ಅವನು ನಿಲ್ಲಿಸಲಿಲ್ಲ.

ಮಧ್ಯಾಹ್ನ ಅಂಗಡಿಯೊಳಗೆ ಗುಪ್ತಸಭೆ ಸೇರಿತು. ಮೇಷ್ಟ್ರು, ಇಸ್ತ್ರಿಯಮ್ಮ, ಹೆಂಡತಿ. ಶಟರು ಮುಕ್ಕಾಲು ಇಳಿಸಲಾಗಿತ್ತು. ಅದರಿಂದಾಗಿ ಬೀದಿಯವರೆಲ್ಲ ಒಳಗೇನು ನಡೆಯುತ್ತಿದೆ ಎಂದು ಬಗ್ಗಿ ನೋಡುತ್ತಿದ್ದರು.

"ರಸ್ತೆ ಅಗಲ ಮಾಡ್ತಾರೆ," ಎಂದ ಬೀಗದಣ್ಣ. "ಈ ಬೀದೀಲಿ ಎಲ್ಲಿ ನೋಡಿದ್ರೂ ಜನ ನಿಂತ್ಕೊಂಡು ದಾರಿಗೆ ಅಡ್ಡ ಆಗ್ತಾರೆ, ಗೋಡೆ ಒಡೀರಿ, ಮೆಟ್ಟಿಲು ಕೀಳ್ರಿ, ಕೈಲಾಗದೋರನ್ನೆಲ್ಲ ಊರಾಚೆ ಸಪಾಟು ಜಾಗಕ್ಕೆ ಸಾಗ್ಸಿ ಅಂತ ಬರೀತಾರೆ."

"ನನ್ನನ್ನ ಸಾಗಿಸ್ತಾರಾ?" ಮೇಷ್ಟ್ರು ಊರುಗೋಲು ಕುಟ್ಟಿದರು. "ನಾನು ಇವರ ಆಫೀಸಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದೀನಿ ಕಣಯ್ಯ!"

"ಅದಕ್ಕೇ ಮೊದಲು ನಿಮ್ಮನ್ನೇ ಸಾಗಿಸ್ತಾರೆ," ಎಂದಳು ಹೆಂಡತಿ.

"ನನ್ನ ಗಂಟು?" ಎಂದಳು ಇಸ್ತ್ರಿಯಮ್ಮ.

"ಗಂಟು ಇಳಿಸ್ಲೇಬಾರದು. ನಾಳೆಯಿಂದ ಈ ಬೀದೀಲಿ ಯಾರೂ ನಿಲ್ಲಬಾರದು, ಕೂರಬಾರದು, ಗೋಡೆ ಮುಟ್ಟಬಾರದು, ಅಮ್ಮಾ ಅಪ್ಪಾ ಅನ್ನಬಾರದು. ಎಲ್ಲರೂ ನೆಟ್ಟಗೆ ನಡೀಬೇಕು. ಆ ಯಂತ್ರಕ್ಕೆ ಒಂದು ಟಕ್ ಕೂಡ ಸಿಗಬಾರದು."

ಮೇಲಿನ ಕಿಟಕಿಯಿಂದ ಅಕ್ಕ ಕೂಗಿದಳು: "ಲೋ ತಮ್ಮಾ, ಆ ಹುಡುಗಿ ಮುಖ ನೋಡಿದ್ರೆ ಕೆಟ್ಟೋಳ ಥರ ಕಾಣಲ್ಲ ಕಣೋ! ಒಂದು ಲೋಟ ನೀರು ಕೊಟ್ಟು ವಿಚಾರಿಸೋ!"

"ಕೆಟ್ಟೋರು ಯಾರಕ್ಕಾ ಕೆಟ್ಟೋರ ಥರ ಕಾಣ್ತಾರೆ? ಒಳ್ಳೆಯೋರ ಥರ ಕಂಡ್ರೆ ತಾನೆ ಅನುಮಾನ ಪಡಬೇಕಾದ್ದು! ನೀನು ಕಿಟಕಿ ಹಾಕ್ಕೊ!"

ಮಾರನೆಯ ದಿನ ಆ ಬೀದಿ ಕಂಡ ವೈಭವವನ್ನು ಏನೆಂದು ಬಣ್ಣಿಸುವುದು! ಮೇಷ್ಟ್ರು ಊರುಗೋಲನ್ನು ಕಂಕುಳಲ್ಲಿ ಅಡ್ಡ ಸಿಕ್ಕಿಸಿಕೊಂಡು, ಎದೆಯುಬ್ಬಿಸಿ, ದಂಡು ಗೆದ್ದು ಬರುವ ಸೇನಾಪತಿಯಂತೆ ಏರು ಹತ್ತಿದರು. ಮೇಲೆ ತಲುಪಿ ಮರೆಯಾದ ಮೇಲೆ ಅಲ್ಲಿಂದ ಒಂದು ಆರ್ತನಾದ ಕೇಳಿಸಿತು. ಅದನ್ನು ಬೀಗದಣ್ಣ ಕೆಮ್ಮಿ ಮುಚ್ಚಿಹಾಕಿದ. ಇಸ್ತ್ರಿಯಮ್ಮ ತಲೆಯ ಮೇಲೆ ಗಂಟು ಹೊತ್ತು, ಜೋರಾಗಿ ಹಾಡುತ್ತ, ಓಡುತ್ತ ಹೋದಳು. ಹಾಡಿನ ಕೊನೆಯ ಸಾಲು ಅಳುವಿನ ಹಾಗೆ ಕೇಳಿತೆನ್ನುವುದು ಬೇರೆ ಮಾತು. ತುಂಬು ಬಸುರಿಯೊಬ್ಬಳು ನಗುನಗುತ್ತ ಹತ್ತಿದಳು. ಹಿಂದಿನ ದಿನವಷ್ಟೇ ಕಾಲು ಉಳುಕಿಸಿಕೊಂಡಿದ್ದ ಕಟಿಂಗ್ ಶಾಪಿನವನು ಕುಪ್ಪಳಿಸಿ, ಅದು ಉಲ್ಲಾಸದಿಂದ ಎಂದು ತೋರಿಸಲು ಚಪ್ಪಾಳೆಯನ್ನೂ ತಟ್ಟಿದ.

ಕೊಡೆಯಾಕೆ ಕಾದಳು. ಹೆಬ್ಬೆರಳು ಒಣಗಿತು. ಕಡೆಗೆ ಯಂತ್ರವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಎದ್ದು ಅಂಗಡಿಗೇ ಬಂದಳು.

"ಅಣ್ಣ, ನೀವು ಸಣ್ಣಪುಟ್ಟ ಯಂತ್ರ ಬಿಚ್ಚಿ ನೋಡ್ತೀರಂತೆ. ಇದು ಕೆಟ್ಟಿದೆಯಾ ನೋಡ್ತೀರಾ?"

ಬೀಗದಣ್ಣ ಕೈ ಹಿಂದೆಳೆದುಕೊಂಡ. ಶತ್ರು ತನ್ನ ಆಯುಧವನ್ನು ತಾನೇ ತಂದು ಕೈಗಿಡುತ್ತಿದ್ದಾಳೆ ಎಂದರೆ ಇದರಲ್ಲಿ ಎಂಥ ಆಳದ ಸಂಚಿರಬೇಕು! ಯಂತ್ರವನ್ನು ಬಟ್ಟೆಯಲ್ಲಿ ಹಿಡಿದು, ಬೆರಳಚ್ಚು ಬೀಳದಂತೆ ಬಿಚ್ಚಿದ. ಒಳಗೆ ಹಲ್ಲಿನ ಚಕ್ರ, ಒಂದು ಸ್ಪ್ರಿಂಗು. ಎಲ್ಲ ಸರಿಯಾಗಿತ್ತು.

"ಯಂತ್ರ ಚೆನ್ನಾಗಿದೆ," ಎಂದ. "ಜನಾನೂ ಚೆನ್ನಾಗಿದ್ದಾರೆ. ಈ ಬೀದಿ ಜನ ಹುಟ್ಟಿದಾಗ್ನಿಂದ ಹೀಗೇ."

"ನಿನ್ನೆ ಆ ತಾತ ಗೋಡೆ ಹಿಡ್ಕೊಂಡು ನಿಂತಿದ್ರಲ್ಲ?"

"ಗೋಡೆ ಬೀಳುತ್ತೇನೋ ಅಂತ ಹಿಡ್ಕೊಂಡಿದ್ರು. ಪರೋಪಕಾರಿ ಮನುಷ್ಯ."

ಕೊಡೆಯಾಕೆ ಅವನನ್ನೇ ಒಂದು ಕ್ಷಣ ನೋಡಿದಳು. ಬೀಗದಣ್ಣನೂ ಅವಳನ್ನೇ ನೋಡಿದ. ಇಬ್ಬರಿಗೂ ಇನ್ನೊಬ್ಬರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಖಾತ್ರಿಯಾಯಿತು. ಇಬ್ಬರದೂ ನಿಜವೇ. ಅವಳು ಕುರ್ಚಿ ಮಡಿಸಿಕೊಂಡು ಹಿಂದಿನ ಬೀದಿಗೆ ಹೋದಳು.

ಹಿಂದಿನ ಬೀದಿ ಸಪಾಟು. ಆದರೆ ಅಲ್ಲೊಂದು ವ್ಯಾಯಾಮಶಾಲೆಯಿತ್ತು. ಅಲ್ಲಿಂದ ಹೊರಬೀಳುವ ಹುರಿಗಟ್ಟಿದ ತರುಣರು ತೊಡೆ ಹಿಡಿದುಕೊಂಡು, ಗೋಡೆಗೆ ಒರಗಿ, ಸೊಂಟ ಬಗ್ಗಿಸಿ, ಕಾಲೆಳೆಯುತ್ತ ಮನೆಗೆ ಹೋಗುತ್ತಿದ್ದರು. ಟಕ್ ಟಕ್ ಟಕ್ ಟಕ್.

ವಾರ ಕಳೆಯಿತು. ಸಾರಿಗೆ ಸಾಹೇಬರು ಸೈಕಲ್ಲಿನಲ್ಲೇ ಬಂದರು. ಹಿಂದೆ ಕೊಡೆಯಾಕೆ, ಅವಳ ಹಿಂದೆ ಬೋರ್ಡು ಹೊತ್ತ ಇಬ್ಬರು ಆಳುಗಳು. ಬೀದಿಯೆಲ್ಲ ಸೇರಿತು, ಎಲ್ಲರೂ ಅಭ್ಯಾಸಬಲದಿಂದ ನೆಟ್ಟಗೇ ನಿಂತಿದ್ದರು.

"ಅಭಿನಂದನೆಗಳು!" ಎಂದರು ಸಾಹೇಬರು. "ಇಡೀ ಊರಲ್ಲೇ ಅತ್ಯಂತ ಆರೋಗ್ಯವಂತ ಬೀದಿ ನಿಮ್ಮದು. ಇಂಥ ಏರಿನಲ್ಲೂ, ಮೊದಲ ದಿನ ಬಿಟ್ರೆ, ಒಬ್ಬರೂ ನಿಂತು ಸುಧಾರಿಸ್ಕೊಂಡಿಲ್ಲ. ನಿಮಗೆ ವಾಹನವೇ ಬೇಡ! ಆದ್ದರಿಂದ ಮರಿಬಸ್ಸನ್ನ ಹಿಂದಿನ ಬೀದಿಯ ಪಾಪದವರಿಗೆ ಕೊಟ್ಟಿದೀವಿ. ನಿಮಗೆ ಈ ಗೌರವ." ಬೋರ್ಡಿನ ಮೇಲೆ ಹೀಗಿತ್ತು: 'ಮಾದರಿ ನಡಿಗೆಯ ಬೀದಿ.'

"ಯಾವ ಬಸ್ಸು?" ಎಂದ ಬೀಗದಣ್ಣ.

ಸಾಹೇಬರು ವಿವರಿಸಿದರು. ಬ್ಯಾಟರಿ, ನೆಲಮಟ್ಟದ ಬಾಗಿಲು, ಇಳಿಯುವ ಹಲಗೆ. ಮನೆಬಾಗಿಲಲ್ಲಿ ಹತ್ತಿದರೆ ಊರಿನ ಆಚೆ ತುದಿಯವರೆಗೆ, ಬೆಳಗಿನಿಂದ ಸಂಜೆಯವರೆಗೆ, ಬೇಕೆನಿಸಿದಾಗ ಹೋಗಿ ಸಾಕೆನಿಸಿದಾಗ ಬರಬಹುದು.

ಮೇಲಿನ ಕಿಟಕಿಯಲ್ಲಿ ಅಕ್ಕ ಅಷ್ಟನ್ನೂ ಕೇಳಿಸಿಕೊಂಡಳು. ತಮ್ಮನನ್ನು ಬೈಯಲಿಲ್ಲ. ಕಿಟಕಿ ಮುಚ್ಚಿಕೊಂಡಳು. ಅವಳು ಬೈಯದೆ ಮುಚ್ಚಿದ್ದು ಬೀಗದಣ್ಣನ ನೆನಪಿನಲ್ಲಿ ಅದೇ ಮೊದಲು.

"ಸಾರ್, ಸ್ವಲ್ಪ ತಡೀರಿ," ಎಂದ. "ನಾವು ಆರೋಗ್ಯವಂತರಲ್ಲ."

"ವಿನಯ! ಇದೂ ಒಂದು ಒಳ್ಳೆ ಗುಣ."

"ವಿನಯ ಅಲ್ಲ ಸಾರ್! ಮೇಷ್ಟ್ರೇ, ತೋರ್ಸಿ!"

ಮೇಷ್ಟ್ರು ಥಟ್ಟನೆ ಗೋಡೆಗೆ ಒರಗಿ ನರಳತೊಡಗಿದರು. ಇಸ್ತ್ರಿಯಮ್ಮ ಸೊಂಟ ಹಿಡಿದು ನೆಲಕ್ಕೇ ಕೂತಳು. ಕಟಿಂಗ್ ಶಾಪಿನವನು ಕುಂಟಿದ. ಅವಸರದಲ್ಲಿ ಒಳ್ಳೆಯ ಕಾಲನ್ನೇ ಕುಂಟಿಸಿಬಿಟ್ಟ. ಏನೂ ಆಗದಿದ್ದ ಅಂಚೆಯವನೂ ಬೀದಿಯ ಮೇಲಿನ ಅಭಿಮಾನದಿಂದ ಕೆಮ್ಮಿದ. ಕ್ಷಣಾರ್ಧದಲ್ಲಿ ಮಾದರಿ ಬೀದಿ ಯುದ್ಧ ಮುಗಿದ ರಣರಂಗವಾಯಿತು.

ಸಾಹೇಬರ ಕಣ್ಣು ಕಿರಿದಾಯಿತು. ಇಷ್ಟು ದಿನ ಬೀಗದಣ್ಣನ ಸ್ವಂತ ಆಸ್ತಿಯಾಗಿದ್ದ ಅನುಮಾನ ಈಗ ಅವರ ಮುಖಕ್ಕೆ ಹೋಗಿ ಕುಳಿತಿತ್ತು.

"ಓಹೋ. ಬಸ್ಸು ಅಂದ ತಕ್ಷಣ ಕಾಯಿಲೆ ಬಂತಾ? ಮೇಷ್ಟ್ರೇ, ನೀವು ಕೋಲನ್ನ ಕಂಕುಳಲ್ಲಿಟ್ಕೊಂಡು ನಡೆದಿದ್ದನ್ನ ನಮ್ಮ ಹುಡುಗಿ ಫೋಟೋ ತೆಗೆದಿದ್ದಾಳೆ."

"ಅದು ನಾಟಕ ಸಾರ್!"

"ಅದು ನಾಟಕವೋ, ಇದು ನಾಟಕವೋ? ನಾಳೆ ಇನ್ನೊಂದು ಮಾಡ್ತೀರಿ. ಬೋರ್ಡು ನಿಲ್ಲಿಸ್ರಪ್ಪ!"

ಬೀಗದಣ್ಣ ಆಳುಗಳ ಹಾರೆಗೆ ಅಡ್ಡ ಕುಳಿತ. "ಎಲ್ಲ ನಾನೇ ಹೇಳ್ಕೊಟ್ಟಿದ್ದು ಸಾರ್. ನೀವು ನನ್ನ ಮೆಟ್ಟಿಲು ಕೀಳಕ್ಕೆ ಬಂದಿದ್ದೀರಿ ಅಂದ್ಕೊಂಡೆ. ಬೇಕಾದ್ರೆ ಕಿತ್ಕೊಂಡು ಹೋಗಿ. ಬಸ್ಸು ಕೊಡಿ. ನಮ್ಮಕ್ಕ ಮೇಲಿದ್ದಾಳೆ."

"ಮೆಟ್ಟಿಲಾ?" ಸಾಹೇಬರು ಮೊದಲ ಬಾರಿಗೆ ಮೆಟ್ಟಿಲನ್ನು ನೋಡಿದರು. "ಇದು ಯಾರಿಗೆ ಬೇಕು? ಅಕ್ಕ ಅಂದ್ರಲ್ಲ, ನಮ್ಮ ಎಣಿಕೇಲಿ ಅಂಥೋರು ಯಾರೂ ಇಲ್ವಲ್ಲ."

ಆಗ ಮೇಲಿನ ಕಿಟಕಿ ಧಡಾರನೆ ತೆರೆಯಿತು.

"ಏನ್ರೀ ಸಾಹೇಬ್ರೇ," ಎಂದಳು ಅಕ್ಕ, "ನೀವು ಎಣಿಸಿದ್ದು ಎಲ್ಲಿ ಕೂತ್ಕೊಂಡು?"

"ಬೀದೀಲಮ್ಮ."

"ಬೀದಿಗೆ ಇಳಿಯಕ್ಕೇ ಆಗದೋರನ್ನ ಬೀದೀಲಿ ಕೂತು ಹೇಗ್ರೀ ಎಣಿಸ್ತೀರಿ?"

ಸಾಹೇಬರು ಜೇಬಿನಿಂದ ಎಣಿಕೆಯ ಕಾಗದ ತೆಗೆದು ತಿರುಗಿಸಿ ತಿರುಗಿಸಿ ನೋಡಿದರು.

"ಇವನೂ ಇಲ್ಲಿ ಇಪ್ಪತ್ತು ವರ್ಷದಿಂದ ಅಂಗಡಿ ಇಟ್ಟಿದಾನೆ," ಅಕ್ಕ ತಮ್ಮನ ಕಡೆ ಬೆರಳು ಮಾಡಿದಳು. "ಹೋಗೋ ಬರೋರ ಮೇಲೆಲ್ಲ ಅನುಮಾನ. ಒಂದಿನ ತಲೆಯೆತ್ತಿ ನೋಡಿದ್ದಾನಾ ಕೇಳಿ." ನಂತರ ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಬೀದಿಯುದ್ದಕ್ಕೂ ಕೇಳುವಂತೆ ಕೂಗಿದಳು: "ಏನ್ರೇ! ಯಾರ್ಯಾರಿದ್ದೀರಿ, ಒಂದ್ಸಲ ಕಿಟಕಿಗೆ ಬನ್ರೇ!"

ಎದುರುಮನೆಯ ಮಾಳಿಗೆಯಲ್ಲಿ ಒಂದು ಕದ ಕಿರುಗುಟ್ಟಿತು. ಬಿಳಿಗೂದಲಿನ ಒಂದು ತಲೆ. ಅದರ ಪಕ್ಕದ ಮನೆಯಲ್ಲಿ ಇನ್ನೊಂದು. ಏರಿನ ಮೇಲ್ತುದಿಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತ ಹುಡುಗಿಯೊಬ್ಬಳು ಪರದೆ ಸರಿಸಿ ಕೈಬೀಸಿದಳು. ಔಷಧಿ ಅಂಗಡಿಯ ಮೇಲಿನಿಂದ ಕಪ್ಪುಕನ್ನಡಕದ ಒಬ್ಬ ಗಂಡಸು, "ನಾನಿದೀನಿ ಅಕ್ಕ! ಯಾರು ಬಂದಿರೋದು?" ಎಂದು ಕೇಳಿದ. ಕಿಟಕಿ, ಕಿಟಕಿ, ಕಿಟಕಿ. ಕಥೆಯ ಮಾಯಾಮರದಲ್ಲಿ ಒಮ್ಮೆಲೇ ಹಣ್ಣು ಬಿಟ್ಟ ಹಾಗೆ ಬೀದಿಯ ತುಂಬ ತಲೆಗಳು. ದಿನವೂ ಕಿಟಕಿಯಿಂದ ಕಿಟಕಿಗೆ ಮಾತಾಡಿಕೊಂಡು ಅವರೆಲ್ಲ ಎಷ್ಟೋ ಕಾಲದಿಂದ ಒಂದು ಬೀದಿಯನ್ನೇ ನಡೆಸುತ್ತಿದ್ದರು, ಕೆಳಗಿನ ಬೀದಿಗೆ ಗೊತ್ತಿಲ್ಲದ ಹಾಗೆ.

ಕೆಳಗೆ ನಿಂತವರ ಕತ್ತುಗಳು ನಿಧಾನವಾಗಿ ಮೇಲೆದ್ದವು. ಬೀಗದಣ್ಣನಿಗೆ ಆ ಮನೆಗಳ ಬೀಗಗಳೆಲ್ಲ ಗೊತ್ತಿದ್ದವು. ಬೀಗದ ಹಿಂದೆ ಯಾರಿದ್ದರೆಂದು ಮಾತ್ರ ಗೊತ್ತಿರಲಿಲ್ಲ.

ಸಾಹೇಬರು ಇನ್ನೂ ಸೋತಿರಲಿಲ್ಲ. "ಇವರನ್ನೂ ನೀವೇ ನಿಲ್ಲಿಸಿದ್ದೀರಾ?" ಎಂದು ಬೀಗದಣ್ಣನನ್ನು ಕೇಳಿದರು.

"ನಿಲ್ಲಕ್ಕಾಗಿದ್ರೆ ನಾವೇ ಕೆಳಗೆ ಬಂದು ನಿಮ್ಮನ್ನ ವಿಚಾರಿಸ್ಕೊಳ್ತಿದ್ವಿ!" ಎಂದಿತು ಎದುರಿನ ಬಿಳಿತಲೆ.

ಟಕ್.

ಸಾಹೇಬರು ತಿರುಗಿ ನೋಡಿದರು. ಕೊಡೆಯಾಕೆ ಕಿಟಕಿಗಳ ಕಡೆ ಮುಖವೆತ್ತಿ, ಒಂದೊಂದು ತಲೆಗೂ ಯಂತ್ರ ಒತ್ತುತ್ತಿದ್ದಳು. ಅವಳ ಹೆಬ್ಬೆರಳಿಗೆ ಅಂದು ಸಂಜೆಯವರೆಗೂ ಬಿಡುವು ಸಿಗಲಿಲ್ಲ. ಬೋರ್ಡು ಬಂದ ದಾರಿಯಲ್ಲೇ ಹೋಯಿತು.

ಹಿಂದಿನ ಬೀದಿಗೆಂದಿದ್ದ ಮರಿಬಸ್ಸು ಏರುಬೀದಿಗೇ ಬಂತು. ಸದ್ದೇ ಇಲ್ಲದೆ ಬಂತು. ಬೀಗದಣ್ಣ ಅದರ ಸುತ್ತ ಪ್ರದಕ್ಷಿಣೆ ಹಾಕಿದ, ಬಗ್ಗಿ ಹೊಟ್ಟೆ ನೋಡಿದ, ಬಾಗಿಲಿನ ಚಿಲಕ ಅಲ್ಲಾಡಿಸಿದ.

"ಸದ್ದು ಯಾಕಿಲ್ಲ?" ಎಂದು ಚಾಲಕಿಯನ್ನು ಕೇಳಿದ. "ಸದ್ದಿಲ್ಲದೆ ಬರೋರು ಕಳ್ಳರು ಮಾತ್ರ."

"ಬ್ಯಾಟರಿ ಗಾಡಿ ಅಣ್ಣ. ಹತ್ತಿ."

"ನಾನು ಹತ್ತಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ತೀಯೋ ಮೊದಲು ನೋಡ್ತೀನಿ."

ಅಕ್ಕನನ್ನು ಹೆಂಡತಿಯೂ ಇಸ್ತ್ರಿಯಮ್ಮನೂ ಎರಡು ಕಡೆ ಹಿಡಿದು ಮಾಳಿಗೆಯಿಂದ ಇಳಿಸಿದರು. ಹಲಗೆ ಮೆಲ್ಲಗೆ ಚಾಚಿಕೊಂಡಿತು. ಅಕ್ಕ ಅದರ ಮೇಲೆ ಪಟ್ಟದ ರಾಣಿಯ ಹಾಗೆ ನಡೆದು ಒಳಗೆ ಹೋಗಿ ಕಿಟಕಿಯ ಪಕ್ಕ ಕುಳಿತಳು. ಮನೆಯಲ್ಲಿ ಇಷ್ಟು ವರ್ಷ ಕುಳಿತದ್ದೂ ಕಿಟಕಿಯ ಪಕ್ಕವೇ. ಆದರೆ ಈ ಕಿಟಕಿ ಹೊರಟಿತು.

ಬಸ್ಸಿನ ಹಿಂದೆ ಬೀಗದಣ್ಣನೂ ಹೊರಟ. ಗಲ್ಲಿಗೊಂದು ಕಡೆ ನಿಲ್ಲುವ ಬಸ್ಸು. ಅದು ನಿಂತಾಗ ಇವನು ತಲುಪುವುದು, ಇವನು ತಲುಪಿದಾಗ ಅದು ಹೊರಡುವುದು. ಚಾಲಕಿ ಪ್ರತಿ ಸ್ಟಾಪಿನಲ್ಲೂ "ಹತ್ತಿ ಅಣ್ಣ" ಎಂದಳು. "ನಿನ್ನ ಕೆಲಸ ನೀನು ನೋಡ್ಕೊ!" ಎಂದು ಪ್ರತಿ ಸ್ಟಾಪಿನಲ್ಲೂ ಅವನು ಏದುಸಿರು ಬಿಟ್ಟ. ದಾರಿಹೋಕರು ಬಸ್ಸಿನವರು ಏನೋ ಕದ್ದಿರಬೇಕೆಂದು ಸ್ವಲ್ಪ ದೂರ ಇವನ ಜೊತೆ ಓಡಿ, ಕಾರಣ ತಿಳಿದು, ಇವನನ್ನೇ ಅನುಮಾನದಿಂದ ನೋಡಿ ಬಿಟ್ಟುಹೋದರು. ಮಾರುಕಟ್ಟೆ ದಾಟಿತು, ಸೇತುವೆ ದಾಟಿತು. ಊರಿಗೆ ಆಚೆ ತುದಿ ಎಂಬುದು ಇಷ್ಟು ಆಚೆ ಇದೆ ಎಂದು ಬೀಗದಣ್ಣನಿಗೆ ಅಂದಾಜೇ ಇರಲಿಲ್ಲ.

ಕೊನೆಗೆ ಬಸ್ಸು ನಿಂತ ಕಡೆ ಗೆಳತಿಯ ಮನೆ. ಅವಳು ಬಾಗಿಲಲ್ಲೇ ಕಾದಿದ್ದಳು.

"ಬಂದ್ಯಾ? ಬರಕ್ಕಾಗಲ್ಲ ಅಂದ್ಕೊಂಡಿದ್ದೆ."

"ನಿನ್ನ ಮುಖ ಇಷ್ಟು ಸುಕ್ಕಾಗಿದೆ ಅಂತ ಫೋನಲ್ಲಿ ಯಾಕೆ ಹೇಳ್ಲಿಲ್ಲ?" ಎಂದಳು ಅಕ್ಕ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ಅತ್ತು, ಕಣ್ಣೊರೆಸಿಕೊಂಡು, ಒಳಗೆ ಹೋಗಿ ಶುರುಮಾಡಿದರು. ಹೊರಗೆ ಜಗಲಿಯ ಮೇಲೆ ಬೀಗದಣ್ಣ ಕಾಲು ನೀಡಿ ಬಿದ್ದುಕೊಂಡ. ಒಳಗಿನಿಂದ ಬೈಗುಳ, ನಗು, ಲೋಟದ ಸದ್ದು, ಮತ್ತೆ ಬೈಗುಳ. ಅಷ್ಟು ತೃಪ್ತಿಯ ಜಗಳವನ್ನು ಅವನು ಜೀವಮಾನದಲ್ಲಿ ಕೇಳಿರಲಿಲ್ಲ.

ಬಿಸಿಲಿಳಿಯುವ ಹೊತ್ತಿಗೆ ಬಸ್ಸು ಮತ್ತೆ ಬಂತು. ಅಕ್ಕ ಹತ್ತಿ ಕುಳಿತಳು. ಬೀಗದಣ್ಣ ಬಾಗಿಲವರೆಗೆ ಬಂದು, ಕಾಲು ಎತ್ತಲು ನೋಡಿದ. ಕಾಲು ಏಳಲಿಲ್ಲ. ಇನ್ನೊಂದನ್ನು ಎತ್ತಲು ನೋಡಿದ. ಅದೂ ಮೊದಲನೆಯದರ ಪಕ್ಷವನ್ನೇ ವಹಿಸಿತು.

"ಆ ಹಲಗೆ ಸ್ವಲ್ಪ ಇಳಿಸಮ್ಮ," ಎಂದಳು ಅಕ್ಕ ಚಾಲಕಿಗೆ. "ನನಗಲ್ಲ, ಕೆಳಗೆ ನಿಂತಿದೆಯಲ್ಲ, ಅದಕ್ಕೆ."

ಹಲಗೆ ಇಳಿಯಿತು. ಬೀಗದಣ್ಣ ಅತ್ತಿತ್ತ ನೋಡಿ, ಕಂಬಿ ಹಿಡಿದುಕೊಂಡು, ಮಗುವಿನ ಹಾಗೆ ಹೆಜ್ಜೆ ಹಾಕುತ್ತ ಒಳಗೆ ಬಂದು ಅಕ್ಕನ ಪಕ್ಕ ಕುಸಿದ. ಸೀಟು ಮೆತ್ತಗಿತ್ತು. ಇಷ್ಟು ಮೆತ್ತಗೆ ಯಾಕಿದೆ ಎಂದು ಒಮ್ಮೆ ಒತ್ತಿ ನೋಡಿದ.

"ನನ್ನ ಜಗಳ ಇನ್ನೂ ಅರ್ಧಾನೂ ಮುಗಿದಿಲ್ಲ," ಎಂದಳು ಅಕ್ಕ. "ನಾಳೆ ಮತ್ತೆ ಬರ್ಬೇಕು. ನೀನು ನಾಳೇನೂ ಹಿಂದೆ ಓಡಿ ಬರ್ತೀಯೇನೋ?"

ಬೀಗದಣ್ಣ ಕಿಟಕಿಯಾಚೆ ನೋಡಿದ. ಬೀದಿಗಳು ಸದ್ದಿಲ್ಲದೆ ಹಿಂದೆ ಸರಿಯುತ್ತಿದ್ದವು.

"ಇಲ್ಲಕ್ಕಾ," ಎಂದ. "ನಾಳೆಯಿಂದ ಕೂತ್ಕೊಂಡೇ ಅನುಮಾನ ಪಡ್ತೀನಿ."